ಚನ್ನಕ್ಕನ ನಲವತ್ತು ಗಂಗಾಳ

ಟಿ. ದಾಸರಹಳ್ಳಿಯ ಅಡ್ಡರಸ್ತೆಯೊಂದರಲ್ಲಿ ಚನ್ನಕ್ಕನ ಖಾನಾವಳಿ. ಅಲ್ಲಿ ಉಂಡವರು ಅವಳ ರೊಟ್ಟಿಯನ್ನು ಮರೆತರೂ ಮರೆತಾರು, ಅವಳ ಸಟ್ಟುಗವನ್ನು ಮರೆಯಲಿಕ್ಕಿಲ್ಲ. ಕೊಪ್ಪಳದ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ನಲವತ್ತು ಗಂಡಸರಿಗೆ ದಿನವೂ ಮಧ್ಯಾಹ್ನ ಬಡಿಸುವ ಹೆಂಗಸು, ಮೆತ್ತಗಿದ್ದರೆ ನಡೆಯುತ್ತಿರಲಿಲ್ಲ ಅನ್ನಿ. ಸ್ಟೀಲ್ ತಟ್ಟೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಟವನ ಬೆರಳನ್ನು ಬಾಗಿಲ ಸಂದಿಗೆ ಕೊಟ್ಟು ಜಜ್ಜಿದ್ದಳು. ಸಾರಿನಲ್ಲಿ ಕೂದಲು ಸಿಕ್ಕಿತೆಂದು ಕೂಗಾಡಿದವನ ತಲೆಯ ಮೇಲೆ ಸಾರಿನ ಪಾತ್ರೆಯನ್ನೇ ಬೋರಲು ಹಾಕಿದ್ದಳು. ಎಲ್ಲರಿಗಿಂತ ಹೆಚ್ಚು ಏಟು ತಿಂದವನು ಗಂಡ ಯಮನೂರ. ಪ್ಲೇಟಿಂಗ್ ಕಾರ್ಖಾನೆಯಲ್ಲಿ ನಟ್ಟು ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಹಾಕುವ ಕೆಲಸ ಅವನದು. ಮಾತು ಕಡಿಮೆ. ಹೆಂಡತಿ ಹೊಡೆದರೆ ತಲೆ ತಗ್ಗಿಸುತ್ತಿದ್ದ. ಉಣ್ಣಲು ಕೂತವರು ನಗುತ್ತಿದ್ದರು, ಚನ್ನಕ್ಕನೂ ನಗುತ್ತಿದ್ದಳು.

2016ರಲ್ಲಿ ಪ್ಲಾಸ್ಟಿಕ್ ನಿಷೇಧವಾಯಿತು. ಅಲ್ಲಿಯವರೆಗೆ ಎಲ್ಲರಂತೆ ಚನ್ನಕ್ಕನೂ ಹೆಣೆದ ಬಿದಿರಿನ ತಟ್ಟೆಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ ಬಡಿಸುತ್ತಿದ್ದಳು. ಉಂಡ ಮೇಲೆ ಹಾಳೆ ಎಸೆದರಾಯಿತು, ತೊಳೆಯುವ ನೀರು ಉಳಿಯಿತು. ಆದರೆ ಬಿಸಿ ಬೇಳೆ ಬಿದ್ದ ಕೂಡಲೇ ಹಾಳೆ ಸುಕ್ಕಾಗುವುದನ್ನು ಕಂಡರೆ ಅವಳಿಗೇ ಹೇಸಿಗೆ. ಕಾರ್ಪೊರೇಷನ್ನಿನವರು ಬಂದು ಹಾಳೆಯ ಕಟ್ಟನ್ನು ಎತ್ತಿಕೊಂಡು ಹೋದಾಗ, ಪೀಡೆ ತೊಲಗಿತು ಅಂದಳು. ಇನ್ನು ಬಡಿಸುವುದು ಯಾವುದರಲ್ಲಿ? ಸ್ಟೀಲ್ ತಂದರೆ ಕಳುವು. ಮುತ್ತುಗದ ಎಲೆ ಸೋರುತ್ತದೆ. ಪಕ್ಕದ ಪ್ರೆಸ್ ಶಾಪಿನಲ್ಲಿ ಕಬ್ಬಿಣದ ತಗಡು ಒತ್ತಿಸಿ, ಅಂಚೆತ್ತಿದ ನಲವತ್ತು ತಟ್ಟೆ ಮಾಡಿಸಿದಳು. ಊರಿನ ಮಾತಿನಲ್ಲಿ ಗಂಗಾಳ. ಎರಡೇ ದಿನಕ್ಕೆ ತುಕ್ಕು ಬಂತು.

ಪೀಣ್ಯದ ಜನಕ್ಕೆ ತುಕ್ಕಿನ ಮದ್ದು ಹೇಳಿಕೊಡಬೇಕೆ? ಮನೆಯ ಬಾಗಿಲ ಚಿಲಕ, ಸೈಕಲ್ಲಿನ ಬೆಲ್ಲು ಎಲ್ಲವೂ ಮಾಲೀಕನ ಕಣ್ಣು ತಪ್ಪಿಸಿ ಯಮನೂರನ ಲೇಪದ ತೊಟ್ಟಿಯಲ್ಲಿ ಮುಳುಗೆದ್ದವೇ. ಚನ್ನಕ್ಕ ಗಂಗಾಳಗಳನ್ನೂ ಗೋಣಿಚೀಲಕ್ಕೆ ತುಂಬಿ ಗಂಡನ ಮುಂದೆ ಇಟ್ಟಳು.

"ಇದು ಬ್ಯಾಡ," ಅಂದ ಯಮನೂರ. "ಬೋಲ್ಟಿಗೆ ಹಾಕೂದ ಬ್ಯಾರೆ, ಉಣ್ಣೂದಕ್ಕ ಬ್ಯಾರೆ. ಕೆಟ್ಟ ಮಾಲಿನ ಲೇಪ ತಗೀಬೇಕಂದ್ರ ನಾವು ಆ್ಯಸಿಡ್‌ನ್ಯಾಗ ಅದ್ದತೀವಿ. ಹುಳಿ ತಾಕಿದ್ರ ಅದು ಕರಗತೈತಿ."

"ನನ್ನ ಪುಂಡಿಪಲ್ಯ ಆ್ಯಸಿಡ್ ಏನೋ?" ಎಂದು ಚನ್ನಕ್ಕ ಸಟ್ಟುಗ ಬೀಸಿದಳು. ಹಣೆ ಒಡೆದು ರಕ್ತ ಮೂಗಿನವರೆಗೆ ಇಳಿಯಿತು. ಊಟಕ್ಕೆ ಕೂತವರು ಹೋ ಎಂದರು. ಯಮನೂರ ಗಾಯಕ್ಕೆ ಅರಿಶಿನ ಮೆತ್ತಿಕೊಂಡು, ಚೀಲ ಹೊತ್ತುಕೊಂಡು ಹೋದ. ಮೂರನೇ ದಿನ ಗಂಗಾಳಗಳು ಬೆಳ್ಳಿಯ ಹಾಗೆ ಹೊಳೆಯುತ್ತ ಬಂದವು.

ಎರಡು ವಾರ ಬೇಳೆ, ಕಾಳು, ಬದನೆಕಾಯಿ ಬಡಿಸಿದಳು. ಏನೂ ಆಗಲಿಲ್ಲ. ಗಂಡನನ್ನು ಹಂಗಿಸಿದಳು. ಆಮೇಲೆ ಒಂದು ಗುರುವಾರ, ಮೂಲೆಯಲ್ಲಿ ಸೊಪ್ಪು ಮಾರುವ ಮುದುಕವ್ವನ ಹತ್ತಿರ ಎಳೆಯ ಪುಂಡಿಸೊಪ್ಪು ಸಿಕ್ಕಿತು. ನಾಲಿಗೆ ಚುರ್ರೆನ್ನುವಷ್ಟು ಹುಳಿ. ಊಟದ ಬಿಡುವು ಅರ್ಧ ಗಂಟೆಯಾದ್ದರಿಂದ ಚನ್ನಕ್ಕ ಹತ್ತಕ್ಕೇ ಗಂಗಾಳಗಳಿಗೆ ಪಲ್ಯ ಹಾಕಿ, ಹಲಗೆಯ ಮೇಲೆ ಸಾಲಾಗಿಟ್ಟು ಬಟ್ಟೆ ಮುಚ್ಚುವುದು ವಾಡಿಕೆ. ಅಂದೂ ಹಾಗೆಯೇ ಮಾಡಿದಳು. ಒಂದಕ್ಕೆ ಊಟದ ಬಿಡುವಾಗುವವರೆಗೆ, ಮೂರು ತಾಸು, ಹುಳಿ ಆ ಹೊಳಪಿನ ಮೇಲೆ ಕೂತಿತು.

ಒಂದೂವರೆಗೆ ಮೊದಲನೆಯವನು ಬೀದಿಯಲ್ಲಿ ವಾಂತಿ ಮಾಡಿಕೊಂಡ. ಎರಡರ ಹೊತ್ತಿಗೆ ಇಪ್ಪತ್ತು ಜನ ಹೊಟ್ಟೆ ಹಿಡಿದು ಒದ್ದಾಡುತ್ತಿದ್ದರು. ನೀಲಪ್ಪನೆಂಬ ಲೋಡರ್ ಎಚ್ಚರ ತಪ್ಪಿ ಮೋರಿಯ ಪಕ್ಕ ಬಿದ್ದ. ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ, ಅವನ ಅಣ್ಣ ಭರಮಪ್ಪ ಖಾನಾವಳಿಗೆ ನುಗ್ಗಿದ. ಹಿಂದೆ ಹತ್ತಾರು ಮಂದಿ. ಒಲೆ ಒದ್ದರು, ರೊಟ್ಟಿಯ ಬುಟ್ಟಿ ತುಳಿದರು. ಭರಮಪ್ಪ ಚನ್ನಕ್ಕನ ಜುಟ್ಟು ಹಿಡಿದ.

"ಸೊಪ್ಪಿಗೆ ಎಣ್ಣಿ ಹೊಡದಿದ್ರೇನು? ಹೇಳ!"

ಅವರ ಕಡೆ ಎಣ್ಣೆ ಅಂದರೆ ಕೀಟನಾಶಕ. ಚನ್ನಕ್ಕನಿಗೆ ಗಂಗಾಳ ನೆನಪಾಗಿತ್ತು. ಆ ಕ್ಷಣದಲ್ಲೇ ನೆನಪಾಗಿತ್ತು, ಅದನ್ನು ಅವಳೇ ಆಮೇಲೆ ಒಪ್ಪಿಕೊಂಡಿದ್ದಾಳೆ. ಆದರೂ ಬಾಯಿಂದ ಬಂದದ್ದು ಬೇರೆ. "ಸೊಪ್ಪಿನಾಗ ಇರಬೇಕು. ಮುದುಕವ್ವನ ಹತ್ರ ತಂದೀನಿ." ಜೀವ ಉಳಿಸಿಕೊಳ್ಳುವವರ ಬಾಯಿ ಹೀಗೂ ಹೊರಳುತ್ತದೆ, ಥೂ.

ಮಂದಿ ಮೂಲೆಗೆ ಓಡಿತು. ಎಪ್ಪತ್ತರ ಮುದುಕಿಯನ್ನು ಕೂದಲು ಹಿಡಿದು ರಸ್ತೆಗೆ ಎಳೆದರು. ಸೊಪ್ಪಿನ ಸಿವುಡುಗಳು ಬಸ್ಸಿನ ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾದವು. ಯಾವನೋ ಮುದುಕಿಯ ಪಕ್ಕೆಗೆ ಒದ್ದ. "ನನ್ನ ಯಾಕ್ ಹೊಡೀತೀರೋ ಅಪ್ಪಾ!" ಎಂದು ಅವಳು ಕೂಗುತ್ತಿರುವಾಗ, ಸುದ್ದಿ ತಿಳಿದು ಕಾರ್ಖಾನೆಯಿಂದ ಓಡಿಬಂದ ಯಮನೂರ ನಡುವೆ ನುಗ್ಗಿದ. ಮುದುಕಿಯ ಮೇಲೆ ಅಡ್ಡ ಬಿದ್ದ.

"ಅಕೀನ್ನ ಬಿಡ್ರಿ! ಗಂಗಾಳಕ್ಕ ಬೋಲ್ಟಿನ ಲೇಪ ಹಾಕೀನಿ, ಹುಳಿಗೆ ಅದು ಬಿಟ್ಟೈತಿ. ಡಾಕ್ಟರಿಗೆ ಹೇಳ್ರಿ. ನಾನ ಹಾಕೀನಿ, ನಂದ ತಪ್ಪು."

ಒಬ್ಬ ಡಾಕ್ಟರಿಗೆ ಹೇಳಲು ಓಡಿದ. ಉಳಿದವರು ಯಮನೂರನ ಮೇಲೆ ಬಿದ್ದರು. ಕಬ್ಬಿಣ ಹೊರುವ ಕೈಗಳು ಅವು. ಸಟ್ಟುಗ ಒಡೆದಿದ್ದ ಹಣೆ ಅದೇ ಜಾಗದಲ್ಲಿ ಮತ್ತೆ ಬಿರಿಯಿತು. ಅವನು ತಲೆ ತಗ್ಗಿಸಿದ, ಮನೆಯಲ್ಲಿ ತಗ್ಗಿಸುತ್ತಿದ್ದ ಹಾಗೆಯೇ. ಹೆಂಡತಿಯ ಹೆಸರು ಎತ್ತಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಚನ್ನಕ್ಕ ಅದನ್ನು ನೋಡಿದಳು. ಇನ್ನು ನಾಲ್ಕು ಏಟು ಬಿದ್ದರೆ ಅವನು ಸತ್ತೇ ಹೋಗುತ್ತಿದ್ದ. ಅವಳು ಜನರನ್ನು ತಳ್ಳಿಕೊಂಡು ಒಳಗೆ ಬಂದಳು.

"ಅವ ಬ್ಯಾಡ ಅಂದಿದ್ದ! ನಾ ಹೊಡದು ಹಾಕಿಸೀನಿ. ನೀವೆಲ್ಲಾ ನೋಡೀರಿ, ನೋಡಿ ನಕ್ಕೀರಿ. ಹೊಡೀರಿ ನನ್ನ!"

ಭರಮಪ್ಪನ ಕೈಯಲ್ಲಿ ಖಾನಾವಳಿಯಿಂದ ಹೊತ್ತು ತಂದ ಒಂದು ಗಂಗಾಳವಿತ್ತು. ಅದರ ಅಂಚಿನಿಂದಲೇ ಬೀಸಿದ. ಚನ್ನಕ್ಕ ತಡೆಯಲು ಎತ್ತಿದ ಬಲಗೈಯ ಮಣಿಕಟ್ಟು ಲಟಕ್ಕೆಂದಿತು. ಪೊಲೀಸ್ ಜೀಪು ಬಂದದ್ದು ಆಮೇಲೆ.

ಮರುದಿನದ ಹೊತ್ತಿಗೆ ಉಳಿದವರೆಲ್ಲ ಚೇತರಿಸಿಕೊಂಡರು, ನೀಲಪ್ಪ ಮಾತ್ರ ಮೂರು ದಿನ ಮಲಗಿದ. ಯಮನೂರನಿಗೆ ಎರಡು ಪಕ್ಕೆಲುಬು ಮುರಿದಿದ್ದವು, ತೊಟ್ಟಿಯ ವಿಷಯ ಮಾಲೀಕನಿಗೆ ತಿಳಿದು ಕೆಲಸವೂ ಹೋಯಿತು. ಚನ್ನಕ್ಕ ಎಡಗೈಯಲ್ಲಿ ಸುತ್ತಿಗೆ ಹಿಡಿದು, ನಲವತ್ತು ಗಂಗಾಳಗಳನ್ನೂ ಒಂದೊಂದಾಗಿ ಬಡಿದು ಚಪ್ಪಟೆ ಮಾಡಿದಳು. ಮುದುಕವ್ವನ ಮನೆಗೆ ಹೋಗಿ ಕಾಲು ಹಿಡಿದಳು. ಮುದುಕವ್ವ ಕಾಲು ಎಳೆದುಕೊಂಡಳು, ಅಷ್ಟೆ.

ಆರು ತಿಂಗಳ ಮೇಲೆ ಖಾನಾವಳಿ ಮತ್ತೆ ತೆರೆಯಿತು. ಸೊಟ್ಟ ಮಣಿಕಟ್ಟಿನಿಂದ ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ, ಯಮನೂರ ತಟ್ಟುತ್ತಿದ್ದ. ಹೆಸರು ಕೆತ್ತಿಸಿದ ಸ್ಟೀಲ್ ತಟ್ಟೆಗಳು ಬಂದಿದ್ದವು. ಒಂದು ದಿನ ಮಾರಾಟಗಾರನೊಬ್ಬ ಬಣ್ಣಬಣ್ಣದ ಮೆಲಮೈನ್ ತಟ್ಟೆಗಳ ಗಂಟು ಬಿಚ್ಚಿದ. "ಅಕ್ಕ, ಇದು ಒಡೆಯಲ್ಲ, ತುಕ್ಕು ಹಿಡಿಯಲ್ಲ, ಯಾರೂ ಕದಿಯಲ್ಲ. ತಗೊಳ್ಳಿ."

ಚನ್ನಕ್ಕ ಒಂದು ತಟ್ಟೆಯನ್ನು ತಿರುಗಿಸಿ ನೋಡಿದಳು, ಮೂಸಿದಳು. ಆಮೇಲೆ ಹಂಚಿನ ಮುಂದೆ ಕೂತಿದ್ದ ಗಂಡನ ಕಡೆ ತಿರುಗಿ ಕೇಳಿದಳು.

"ನೀ ಏನಂತಿ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಈ ಮಾತು ಕೇಳಿದ್ದು ಅದೇ ಮೊದಲು. ಯಮನೂರ ಉತ್ತರ ಕೊಡಲು ಬಾಯಿ ತೆರೆದ. ಅದಕ್ಕೂ ಮೊದಲು, ಹಿಟ್ಟು ಮೆತ್ತಿದ ಕೈ ಎತ್ತಿ ಹಣೆ ಮುಚ್ಚಿಕೊಂಡ.