ಕಿಟಕಿ ಬದಿಯ ಮೇಜು

ಹೈಕೋರ್ಟಿನ ಎದುರಿನ ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಪ್ಲೈಯರ್ ಆಗಿದ್ದ ಕೋಟದ ಸುಬ್ರಾಯನಿಗೆ ಸಂಶಯಕ್ಕೆಡೆಯಿಲ್ಲದಂತೆ ಅರ್ಥವಾಗುತ್ತಿದ್ದ ಇಂಗ್ಲಿಷ್ ಪದ ಒಂದೇ: ‘ರಿಸರ್ವ್ಡ್’. ಕಿಟಕಿ ಬದಿಯ ಮೇಜಿನ ಮೇಲೆ ಆ ಹಲಗೆಯನ್ನು ದಿನವೂ ಇಡುತ್ತಿದ್ದವನು ಅವನೇ. ಜಾಗ ಆಗಲೇ ಯಾರೋ ದೊಡ್ಡವರ ಪಾಲಾಗಿದೆ, ಉಳಿದವರು ಕಾದು ಫಲವಿಲ್ಲ ಎಂಬುದು ಅದರ ತಾತ್ಪರ್ಯ.

ಹೀಗಾಗಿ 1979ರ ಆಗಸ್ಟಿನಲ್ಲಿ, ತನ್ನ ರಿಟ್ ಅರ್ಜಿಯ ವಾದ ಮುಗಿದು ನ್ಯಾಯಮೂರ್ತಿಗಳು ‘ಜಡ್ಜ್‌ಮೆಂಟ್ ರಿಸರ್ವ್ಡ್’ ಎಂದಾಗ ತೀರ್ಪೂ ಯಾರೋ ದೊಡ್ಡವರ ಪಾಲಾಯಿತೆಂದೇ ಅವನು ತಿಳಿದ. ನಗರದಂಚಿನ ಪೋರೂರಿನಲ್ಲಿದ್ದ ಅವನ ಎರಡು ಕೋಣೆಯ ಮನೆಯನ್ನು ರಸ್ತೆಗಾಗಿ ವಶಪಡಿಸಿಕೊಳ್ಳಲು ಸರ್ಕಾರ ಆದೇಶಿಸಿತ್ತು. ಆಕ್ಷೇಪಣೆಗಳನ್ನು ಆಲಿಸಲಾಗಿದೆ ಎಂದು ಆದೇಶದಲ್ಲಿತ್ತು. ಅವನನ್ನು ಯಾರೂ ಕರೆದಿರಲೇ ಇಲ್ಲ. ನಕ್ಷೆಯಲ್ಲಿ ನೆಟ್ಟಗೆ ಹೊರಟ ರಸ್ತೆ, ಜವಳಿ ವ್ಯಾಪಾರಿಯೊಬ್ಬನ ತೋಟ ಕಂಡದ್ದೇ ಬಳುಕಿ ಇವನ ಅಂಗಳಕ್ಕೆ ತಿರುಗಿತ್ತು.

ತೀರ್ಪು ಬರೆಯಲು ಸಮಯ ಬೇಕೆಂದು ಮಾತ್ರ ಅದರ ಅರ್ಥ ಎಂದು ವಕೀಲ ಸೀತಾರಾಮರು ಸಮಾಧಾನ ಹೇಳಿದರು. ಸುಬ್ರಾಯ ತಲೆಯಾಡಿಸಿದ, ನಂಬಲಿಲ್ಲ. ಮೇಜು ಯಾರಿಗೆಂದು ಕಾದು ನಿಂತ ಗಿರಾಕಿಗೆ ಅವನ ಹೋಟೆಲಿನಲ್ಲೂ ಯಾರೂ ಹೇಳುತ್ತಿರಲಿಲ್ಲ.

ಅಂದಿನಿಂದ ಅವನ ಕಣ್ಣಿಗೆ ಪ್ರತಿ ಕರಿಕೋಟೂ ಪಿತೂರಿಯಾಗಿ ಕಂಡಿತು. ಸರ್ಕಾರಿ ವಕೀಲರು ಕಾಫಿ ಹೀರುತ್ತ ನಕ್ಕರೆ, ತನ್ನ ಮನೆಯ ಗೋಡೆಯೇ ಬಿದ್ದಂತಾಗುತ್ತಿತ್ತು. ಕೊನೆಗೆ, ಜಡ್ಜಿಯ ಹಿಂಬಾಗಿಲು ಅವರಿಗೆ ತೆರೆದಿದ್ದರೆ ನನಗೇಕೆ ಮುಚ್ಚಿರಬೇಕು ಎಂದುಕೊಂಡ. ಕೆಂಪು ಪಟ್ಟಿ ತೊಟ್ಟು, ಬೆಳ್ಳಿ ದಂಡ ಹಿಡಿದು ನ್ಯಾಯಮೂರ್ತಿಗಳ ಮುಂದೆ ನಡೆಯುವ ದಫೇದಾರ ಬಾಬು ದಿನವೂ ಅಡುಗೆಮನೆಯ ಬಾಗಿಲ ಬಳಿ ನಿಂತು ಕಾಫಿ ಕುಡಿಯುತ್ತಿದ್ದ. ಸುಬ್ರಾಯ ಹಲಗೆ ಎತ್ತಿ ಅವನನ್ನು ಕಿಟಕಿ ಬದಿಯಲ್ಲಿ ಕೂರಿಸಿ ತುಪ್ಪದ ದೋಸೆ ಬಡಿಸಿದ.

ಬಾಬು ಹನ್ನೊಂದು ದಿನ ಮಾತಿಲ್ಲದೆ ತಿಂದ. ಹನ್ನೆರಡನೆಯ ದಿನ ತಮಿಳಿನಲ್ಲಿ ಕೇಳಿದ: “ಏನು ಐಯರೇ, ಕೇಸಾ?”

ಸುಬ್ರಾಯ ಎಲ್ಲವನ್ನೂ ಹೇಳಿಕೊಂಡ. ಬಾಬು ಕೈ ಒರೆಸುತ್ತ ನಕ್ಕ. “ನಾನು ಮುಂದೆ ನಡೆಯುವವ. ಎಂಟು ವರ್ಷದಲ್ಲಿ ಜಡ್ಜ್ ದೊರೆ ನೋಡಿದ್ದು ನನ್ನ ಬೆನ್ನು ಮಾತ್ರ.”

ಒಳಗೆ ವಶೀಲಿ ಇರುವವರೆಲ್ಲ ಹೀಗೆಯೇ ಹೇಳುತ್ತಾರೆ ಎಂದುಕೊಂಡು ಸುಬ್ರಾಯ ಮರುದಿನ ಇನ್ನೊಂದು ಚಮಚ ತುಪ್ಪ ಸುರಿದ.

ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ರಸ್ತೆ ಬೇಕೋ ಬೇಡವೋ ಎಂದು ನಿರ್ಧರಿಸುವುದು ನ್ಯಾಯಾಲಯದ ಕೆಲಸವಲ್ಲ. ಆದರೆ ಮನೆಯವನ ಮಾತು ಕೇಳದೆ ಮನೆ ಕಿತ್ತುಕೊಳ್ಳುವಂತಿಲ್ಲ, ಆದೇಶ ರದ್ದು. ಬರೀ ಕಾನೂನಿನಿಂದಲೇ ಗೆದ್ದೆವು ಎಂದು ಸೀತಾರಾಮರು ಬೀಗಿದರು. ಸುಬ್ರಾಯ ನೋಡುತ್ತಿದ್ದದ್ದು ಬಾಬುವನ್ನು. ದಂಡ ಹಿಡಿದು ಹೊರನಡೆಯುವಾಗ ಒಳಗುಟ್ಟಿನ ನಗುವೊಂದಕ್ಕೆ ಅವನ ಮೀಸೆ ತುಸು ಅಲುಗಿದಂತಿತ್ತು.

ಸಂಜೆ ಹೆಂಡತಿ ಕಲಾವತಿಗೆ ದೋಸೆಯ ಕಥೆಯನ್ನೂ ಹೇಳಿದ. ಅವಳು ಹೂ ಕಟ್ಟುವುದನ್ನು ನಿಲ್ಲಿಸಿದಳು. “ನ್ಯಾಯ ನಮ್ಮ ಬದಿಗೇ ಉಂಟಲ್ಲ ಮಾರಾಯ್ರೆ. ಮತ್ತೆ ತುಪ್ಪ ಎಂತಕ್ಕೆ?”

ಸರ್ಕಾರ ಮತ್ತೆ ನೋಟಿಸು ಕಳಿಸಲಿಲ್ಲ, ಮನೆ ಉಳಿಯಿತು. ಹೋಟೆಲಿನವ ಜಡ್ಜಿಯ ಆಳಿಗೆ ತಿನ್ನಿಸಿ ಗೆದ್ದನೆಂದು ಜವಳಿ ವ್ಯಾಪಾರಿ ಪೋರೂರು ತುಂಬ ಹೇಳಿಕೊಂಡು ತಿರುಗಿದ. ಸುಬ್ರಾಯ ಅವನ ತೋಟದ ದಾರಿ ಬಿಟ್ಟು ಬಳಸುದಾರಿಯಲ್ಲಿ ಮನೆಗೆ ಹೋಗತೊಡಗಿದ. ಬಾಬು ಮಾತ್ರ ತೀರ್ಪಿನ ಮರುದಿನವೂ ಬಂದು, ಹಲಗೆಯನ್ನು ತಾನೇ ಸರಿಸಿ ಕೂತ. ದೋಸೆ ನಿಲ್ಲಿಸಿದರೆ ಅದು ಲಂಚವಾಗಿತ್ತೆಂದು ಒಪ್ಪಿಕೊಂಡಂತೆ, ಮುಂದುವರಿಸಿದರೂ ಒಪ್ಪಿಕೊಂಡಂತೆ. 1986ರಲ್ಲಿ ಕೆಲಸ ಬಿಡುವ ದಿನದವರೆಗೂ ಸುಬ್ರಾಯ ಅದನ್ನು ಬಡಿಸುತ್ತಲೇ ಇದ್ದ. ಅಂದು ಅಲುಗಿದ್ದು ನಿಜವೇ ಎಂದು ಬಾಬುವಿನ ಮೀಸೆಯನ್ನು ನೋಡುತ್ತಲೇ ಇದ್ದ.