ಕಂದು ಮೊಟ್ಟೆಯ ಅಕ್ಕಾರು

ನಮ್ಮ ಮನೆಯೊಡತಿಯ ನಡುನೆತ್ತಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಸುತ್ತ ಬಿಳಿ ಕೂದಲು ದಟ್ಟವಾಗಿತ್ತು, ನಡುವೆ ಮಾತ್ರ ನುಣ್ಣಗೆ ಮಿನುಗುವ ಚರ್ಮ. ಮೂವತ್ತು ಮೂವತ್ತೈದು ವರ್ಷ ಅದೇ ಜಾಗದಲ್ಲಿ ಸಿಂಬಿ ಇಟ್ಟು, ಸಿಂಬಿಯ ಮೇಲೆ ಮೀನಿನ ಬುಟ್ಟಿ ಹೊತ್ತು, ಕಾಪುವಿನಿಂದ ಬಸ್ಸು ಹತ್ತಿ ಬನ್ನಂಜೆ, ಅಲೆವೂರು, ಮಣಿಪಾಲ ಎಂದು ಮನೆಮನೆ ತಿರುಗಿದ ಹೆಂಗಸು ಅವರು. ಯಾರಾದರೂ ತಲೆ ನೋಡಿದರೆ ಸೆರಗು ಎಳೆದುಕೊಳ್ಳುತ್ತಿರಲಿಲ್ಲ. "ಅಲ್ಲಿ ಕೂದಲು ಬೆಳೆಯಲಿಕ್ಕೆ ನಾನು ಪುರುಸೊತ್ತೇ ಕೊಡಲಿಲ್ಲ ಮಾರಾಯ್ತಿ" ಎಂದು ತಾವೇ ತಟ್ಟಿ ತೋರಿಸುತ್ತಿದ್ದರು. ನಾನು ಅವರನ್ನು ನೋಡುವ ಹೊತ್ತಿಗೆ ಮೊಣಕಾಲು ಕೈಕೊಟ್ಟು ಬುಟ್ಟಿ ಇಳಿಸಿಯಾಗಿತ್ತು. ಆ ನುಣುಪಿನ ಮೇಲೆ ಈಗ ಒಮ್ಮೊಮ್ಮೆ ಒಂದು ಕೋಳಿಮರಿ ಕೂತಿರುತ್ತಿತ್ತು.

ನಾನು ಗದಗಿನ ಕಡೆಯವಳು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ಎರಡು ತಿಂಗಳಿಗೆ ಗಂಡನ ಬೆನ್ನು ಹತ್ತಿ ಕಾಪುವಿಗೆ ಬಂದೆ. ಅವರು ಮಣಿಪಾಲದಲ್ಲಿ ಒಂದರ ಮೇಲೊಂದು ಏಳುತ್ತಿದ್ದ ಕಟ್ಟಡಗಳಲ್ಲಿ ಗಾರೆ ಕೆಲಸದವರು. ಅಲ್ಲಿ ಮನೆ ಬಾಡಿಗೆ ನಮ್ಮ ಕೈಗೆ ಎಟುಕದೆ ಇವರ ಮನೆಯ ಹಿಂದಿನ ಕೋಣೆ ಹಿಡಿದಿದ್ದರು. ನನಗೆ ತುಳು ಬಾರದು. ಮೀನಿನ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ನಮ್ಮ ಮನೆತನದಲ್ಲಿ ಮೀನು, ಮಾಂಸ ಹಾಗಿರಲಿ, ಮೊಟ್ಟೆಯ ಹೆಸರೆತ್ತಿದರೆ ಅಜ್ಜಿ ಬಾಯಿ ಮುಕ್ಕಳಿಸುತ್ತಿದ್ದಳು. ಅಂಥವಳು ಬಂದು ಬಿದ್ದದ್ದು ಕೋಳಿಗೂಡಿನ ಪಕ್ಕಕ್ಕೆ! ಮೊದಲ ವಾರವೆಲ್ಲ ಬರೀ ಅಳುತ್ತಾ ಕಳೆದೆ.

ಮನೆಯೊಡತಿಯನ್ನು ನಮ್ಮ ಕಡೆಯ ರೂಢಿಯಂತೆ "ಅಕ್ಕಾರ" ಎಂದು ಕರೆದೆ. ಅವರಿಗೆ ನಗುವೋ ನಗು. "ಅಕ್ಕಾರ ಅಂತೆ! ನನ್ನ ಗಂಡ ಬದುಕಿರುವಾಗ 'ಏ' ಅಂತ ಬಿಟ್ಟು ಬೇರೆ ಕರೆದದ್ದಿಲ್ಲ" ಎಂದರು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಬಂದ ತಿಂಗಳಲ್ಲೇ ನನಗೆ ಕಾಮಾಲೆ ಹತ್ತಿತು. ಗಂಡ ಕೆಲಸ ಬಿಡುವಂತಿರಲಿಲ್ಲ. ಅಕ್ಕಾರು ಅಂಗಡಿಗೆ ಹೋಗಿ ಒಂದು ಹೊಸ ಪಾತ್ರೆ ತಂದು, ಹಿತ್ತಲಲ್ಲಿ ಬೇರೆಯೇ ಒಲೆ ಹೂಡಿ ಗಂಜಿ ಬೇಯಿಸಿದರು. ಕೈಯನ್ನು ಮೂರು ಸಲ ಸೋಪಿನಲ್ಲಿ ತೊಳೆದು ಬಾಗಿಲಲ್ಲಿ ನಿಂತು, "ಹೊಸ ಪಾತ್ರೆ. ಮೀನು ಮುಟ್ಟಲಿಲ್ಲ, ಮೀನಿನ ಚಮಚವೂ ಮುಟ್ಟಲಿಲ್ಲ. ದೇವರಾಣೆ ಕುಡಿ" ಎಂದರು. ಇಪ್ಪತ್ತು ದಿನ ಹೀಗೆ ಬಾಗಿಲಲ್ಲಿ ನಿಂತರು. ಹೆತ್ತ ತಾಯಿ ಕೂಡ ಇಷ್ಟು ಮಾಡುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಅವರ ಕೋಳಿಗಳು ಊರಿನ ಕೋಳಿಗಳ ಹಾಗಿರಲಿಲ್ಲ. ಮರಾನ್ ಎಂಬ ಫ್ರಾನ್ಸಿನ ತಳಿ. ಅವರ ತಮ್ಮ ನೀಲಗಿರಿಯ ಟೀ ಎಸ್ಟೇಟೊಂದರ ಬಂಗಲೆಯಲ್ಲಿ ಅಡುಗೆಯವನಾಗಿದ್ದ. ಯಜಮಾನರು ಹವ್ಯಾಸಕ್ಕೆ ಸಾಕಿದ್ದ ಆ ಕೋಳಿಗಳ ಹನ್ನೆರಡು ಮೊಟ್ಟೆ ಕೇಳಿ ಪಡೆದು, ಭತ್ತದ ಹೊಟ್ಟಿನಲ್ಲಿ ಹೂತು, ಬಸ್ಸಿನಲ್ಲಿ ತೊಡೆಯ ಮೇಲಿಂದ ಇಳಿಸದೆ ತಂದಿದ್ದನಂತೆ. ಊರಿನ ಹೇಂಟೆಯ ಕೆಳಗೆ ಕಾವಿಗಿಟ್ಟಾಗ ಐದು ಮರಿಯಾದವು. ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು!

ತಮ್ಮ ಹೇಳಿಹೋದ ಲಕ್ಷಣಗಳೆಲ್ಲ ಅಕ್ಕಾರಿಗೆ ಬಾಯಿಪಾಠ. ಮೈ ಕಪ್ಪು, ಕುತ್ತಿಗೆ ತಾಮ್ರ, ಕಣ್ಣು ಕಿತ್ತಳೆ, ಜುಟ್ಟು ನೆಟ್ಟಗೆ, ಕಾಲಿನ ಹೊರಬದಿಗೆ ಮಾತ್ರ ತೆಳ್ಳಗೆ ಗರಿ. ಬೆಳೆದ ಮರಿಗಳನ್ನು ಒಂದೊಂದಾಗಿ ಎತ್ತಿ, ಬಂಗುಡೆ ಮೀನು ಆರಿಸುವವರ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಹಳದಿ ಕಾಲಾ? ನೀನು ನಡಿ ಸಾರಿಗೆ. ಕಾಲಲ್ಲಿ ಗರಿಯೇ ಇಲ್ಲವಾ? ನೀನೂ ಅವನ ಹಿಂದೆ ನಡಿ." ನಾನು ಕಿಟಕಿಯಿಂದ ಇದನ್ನು ಕೇಳಿ ಆ ಪಾಪದ ಮರಿಗಳಿಗಾಗಿ ಮನಸ್ಸಿನಲ್ಲೇ ಶಿವಶಿವಾ ಎನ್ನುತ್ತಿದ್ದೆ.

ಅವರ ಜೀವ ಇದ್ದದ್ದು ಮಾತ್ರ ಮೊಟ್ಟೆಯ ಬಣ್ಣದಲ್ಲಿ. ಮರಾನ್ ಮೊಟ್ಟೆ ಕಡುಗಂದು, ಹಳೇ ಬೀಟೆಮರದ ಪೆಟ್ಟಿಗೆಯ ಬಣ್ಣ. ಎಲ್ಲ ಹೇಂಟೆಗಳೂ ಹಾಗೆ ಇಡುವುದಿಲ್ಲ. ಇಟ್ಟದ್ದರಲ್ಲಿ ಎಲ್ಲಕ್ಕಿಂತ ಕಡುವಾದದ್ದನ್ನೇ ಆರಿಸಿ ಕಾವಿಗಿಡಬೇಕು. ಹುಂಜ ಕೂಡ ಅಂಥದೇ ಮೊಟ್ಟೆಯಿಂದ ಹೊರಬಂದದ್ದಾಗಬೇಕು. "ಹುಂಜ ಮೊಟ್ಟೆ ಇಡುವುದಿಲ್ಲ, ಸರಿ. ಅದರ ಮಗಳು ಇಡ್ತಾಳಲ್ವಾ?" ಎನ್ನುತ್ತಿದ್ದರು. ಹೀಗೆ ಆರಿಸುತ್ತಾ ಆರಿಸುತ್ತಾ ವರ್ಷದಿಂದ ವರ್ಷಕ್ಕೆ ಬಣ್ಣವನ್ನು ಗಾಢ ಮಾಡುತ್ತಾ ಬಂದಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗಿನ್ನೂ ನಾನು ಮೊಟ್ಟೆ ಕಂಡರೆ ಮಾರುದೂರ ನಿಲ್ಲುತ್ತಿದ್ದೆ.

ಆಮೇಲೆ ತಿಳಿದದ್ದು ಇನ್ನೊಂದಿದೆ. ನಾನು ಬರುವ ಹಿಂದಿನ ವರ್ಷ ಅಕ್ಕಾರು ಕಾರ್ಕಳದ ಕೃಷಿ ಮೇಳದಲ್ಲಿ ಆರು ಮೊಟ್ಟೆಗಳನ್ನು ತಟ್ಟೆಯಲ್ಲಿ ಜೋಡಿಸಿ ಸ್ಪರ್ಧೆಗೆ ಇಟ್ಟಿದ್ದರು. ತೀರ್ಪುಗಾರರಾಗಿ ಬಂದ ಪಶುವೈದ್ಯರು ಅಂಥ ಮೊಟ್ಟೆ ಕಂಡವರಲ್ಲ. ಕರವಸ್ತ್ರ ಒದ್ದೆ ಮಾಡಿ ಒಂದನ್ನು ಗಸಗಸ ಉಜ್ಜಿದರು. ಬಟ್ಟೆಗೆ ಕಂದು ಹತ್ತಿತು. ಅವರು ಮೈಕಿನಲ್ಲಿ, "ಅಮ್ಮ, ಇದಕ್ಕೆ ಹಾಕಿದ್ದು ಚಹಾವಾ, ಕಾಫಿಯಾ?" ಎಂದರು. ಮೇಳಕ್ಕೆ ಮೇಳವೇ ನಕ್ಕಿತು. ಒಂದು ದಿನವೂ ಮೀನಿನ ಕಿವಿರಿಗೆ ಬಣ್ಣ ಬಳಿದು ತಾಜಾ ಎಂದು ಮಾರದ ಹೆಂಗಸನ್ನು ಅಷ್ಟು ಜನರ ಎದುರು ಬಣ್ಣ ಬಳಿಯುವವಳು ಅಂದಂತಾಯಿತು. ಅಕ್ಕಾರು ವರ್ಷವಿಡೀ ಆ ಅವಮಾನ ನುಂಗಿಕೊಂಡೇ ಇದ್ದರು. ಈ ಸಲ ಮತ್ತೆ ಹೋಗಿ ಆ ಮಾತನ್ನು ಅದೇ ಜಾಗದಲ್ಲಿ ಅಳಿಸಬೇಕು ಎಂಬುದು ಅವರ ಹಟ. ನೆರೆಯವರಿಗೆ ತುಳುವಿನಲ್ಲಿ ಇದನ್ನು ಹೇಳಿ ಹೇಳಿ ಉರಿಯುತ್ತಿದ್ದರು. ನನಗೆ ಅರ್ಥವಾಗುತ್ತಿದ್ದದ್ದು "ಕಾರ್ಕಳ" ಎಂಬ ಒಂದೇ ಮಾತು.

ಮೇಳದ ದಿನ ಮುಂಜಾನೆ ಅಕ್ಕಾರು ಹಿತ್ತಲಲ್ಲಿ ಹೇಂಟೆಯ ಕಾಲು ತೊಳೆಯುತ್ತಿದ್ದರು. ಹೇಂಟೆಯೂ ಸ್ಪರ್ಧೆಗೆ ಹೊರಟಿತ್ತು. "ಆ ಮೊಟ್ಟೆಗಳನ್ನು ಹೊಟ್ಟಿನ ಡಬ್ಬಿಯಲ್ಲಿ ಇಡಲಿಕ್ಕೆ ನಿನ್ನಿಂದ ಆಗ್ತದಾ? ಬೇಡ, ನಿನಗೆ ಹೇಸಿಗೆ" ಎಂದರು. ಇಪ್ಪತ್ತು ದಿನದ ಗಂಜಿ ನೆನಪಾಯಿತು. "ಯಾಕ ಆಗೂದಿಲ್ರಿ ಅಕ್ಕಾರ, ಇಡತೀನಿ" ಎಂದು ಶಿವನನ್ನು ನೆನೆದು ಜೀವನದಲ್ಲಿ ಮೊದಲ ಸಲ ಮೊಟ್ಟೆ ಮುಟ್ಟಿದೆ. ಅಯ್ಯೋ, ಎಷ್ಟು ಕೊಳೆ! ಇಷ್ಟು ಹೊಲಸು ಮೊಟ್ಟೆಯನ್ನು ನಾಲ್ಕು ಜನರ ಮುಂದೆ ಇಡುವುದೇ? ಪಾಪ, ಮುದುಕಿಗೆ ಕಣ್ಣು ಕಾಣುವುದಿಲ್ಲ ಎಂದುಕೊಂಡೆ. ತವರಿನಲ್ಲಿ ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪದ ಸಮೆಗಳನ್ನು ಫಳಫಳ ಹೊಳೆಸುವವಳು ನಾನೇ. ಹುಣಸೆಹಣ್ಣು ನೆನೆಹಾಕಿ, ತೆಂಗಿನ ನಾರಿನಿಂದ ಆರನ್ನೂ ಮೆಲ್ಲಗೆ ತಿಕ್ಕಿದೆ. ಕಂದು ನೀರು ಇಳಿಯುತ್ತಾ ಹೋಯಿತು. ನನಗೆ ಖುಷಿಯೋ ಖುಷಿ. ಒರೆಸಿ, ಹೊಟ್ಟಿನಲ್ಲಿಟ್ಟು, ಮುಚ್ಚಳ ಹಾಕಿ, ನೋಡಿ ಬೆರಗಾಗಲಿ ಎಂದು ಬಾಯಿ ಬಿಡದೆ ಕೂತೆ.

ಅವರು ಬೆರಗಾದದ್ದು ನಿಜ. ನನ್ನನ್ನೂ ಕರೆದುಕೊಂಡು ಹೋಗಿ, ಕಾರ್ಕಳದ ಚಪ್ಪರದಲ್ಲಿ ಡಬ್ಬಿ ತೆರೆದವರು ಹಾಗೇ ನಿಂತುಬಿಟ್ಟರು. ಅಲ್ಲಲ್ಲಿ ಕಂದು, ಅಲ್ಲಲ್ಲಿ ಬಿಳಿಚು, ತೊನ್ನು ಹತ್ತಿದ ಹಾಗೆ ಆರು ಮೊಟ್ಟೆ.

"ಎಂತ ಮಾಡಿದೆ ನೀನು?" ಎಂದು ಮೆಲ್ಲಗೆ ಕೇಳಿದರು.

"ತೊಳದೇನ್ರಿ ಅಕ್ಕಾರ, ಹುಣಸಿಹಣ್ಣ ಹಚ್ಚಿ. ಹೊಲಸ ಆಗಿದ್ವು."

ಆಗ ಕನ್ನಡದಲ್ಲಿ, ನಾಲ್ಕೇ ಮಾತಿನಲ್ಲಿ, ಹಿಂದಿನ ವರ್ಷದ ಕಥೆ ಹೇಳಿದರು. ಮರಾನ್ ಮೊಟ್ಟೆಯ ಬಣ್ಣ ಚಿಪ್ಪಿನ ಹೊರಮೈಯದು, ತಿಕ್ಕಿದರೆ ಹೋಗುತ್ತದೆ ಎಂದರು. ಅಷ್ಟರಲ್ಲಿ ಅದೇ ಡಾಕ್ಟರು ಬಂದೇಬಿಟ್ಟರು, ಹಿಂದೆ ಒಂದು ಗುಂಪು. ತಟ್ಟೆ ನೋಡಿದವರೇ, "ಏನಮ್ಮ, ಈ ವರ್ಷ ಬಣ್ಣ ಸರಿಯಾಗಿ ಹಿಡಿಯಲಿಲ್ಲವಾ?" ಎಂದರು. ಗುಂಪು ನಕ್ಕಿತು. ಅವರು ಒಂದನ್ನು ಮೂಸಿ ನೋಡಿ, "ಹುಣಸೆ ವಾಸನೆ! ಯಾರು ತೊಳೆದದ್ದು ಇದನ್ನು?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ಅಕ್ಕಾರು ನನ್ನ ತೋಳನ್ನು ಗಟ್ಟಿಯಾಗಿ ಚಿವುಟಿ, "ನಾನೇ. ನಾನೇ ತೊಳೆದದ್ದು. ಬುದ್ಧಿ ಇಲ್ಲದ ಮುದುಕಿ ನಾನು" ಎಂದರು. ನಗು ಇನ್ನೂ ಜೋರಾಯಿತು. ಅವರು ಅದಕ್ಕೆ ಅಲುಗಲಿಲ್ಲ. "ಮೊಟ್ಟೆಯ ಮಾತು ಬಿಡಿ ಡಾಕ್ಟ್ರೇ. ಹೇಂಟೆ ಉಂಟಲ್ಲ, ಅದನ್ನೇ ಕೇಳಿ. ಬೆಳಿಗ್ಗೆ ಬೆರಳಿಟ್ಟು ನೋಡಿದ್ದೇನೆ, ಒಳಗೆ ಮೊಟ್ಟೆ ಉಂಟು, ಇವತ್ತು ಇಡ್ತದೆ. ಪಂಜರಕ್ಕೆ ನೀವೇ ಕೈ ಹಾಕಿ, ಎಂತಾದರೂ ಉಂಟಾ ನೋಡಿ."

ಡಾಕ್ಟರು ಕೈ ಹಾಕಿ ಹುಲ್ಲೆಲ್ಲ ತಡಕಿದರು. ಏನೂ ಇರಲಿಲ್ಲ. ಎಲ್ಲರೂ ಪಂಜರ ಸುತ್ತುವರಿದು ನಿಂತರು. ಹೇಂಟೆ ಒಬ್ಬೊಬ್ಬರ ಮುಖವನ್ನೂ ನೋಡಿ, ಕತ್ತು ಒಳಗೆಳೆದುಕೊಂಡು ಕಲ್ಲಾಗಿ ಕೂತಿತು. ಕಾಲು ಗಂಟೆಯಾಯಿತು. ಅಕ್ಕಾರಿಗೆ ರೇಗಿತು.

"ನೀವು ಹೀಗೆ ಕಣ್ಣು ಬಿಟ್ಟು ನಿಂತರೆ ಯಾವ ಹೆಂಗಸು ಹೆರ್ತಾಳೆ ಮಾರಾಯ್ರೇ? ತಿರುಗಿ, ತಿರುಗಿ! ಎಲ್ಲರೂ ಆಚೆ ತಿರುಗಿ! ಡಾಕ್ಟ್ರೇ, ನೀವೂ!"

ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೋಟು ಹಾಕಿದ ಡಾಕ್ಟರು, ಎದೆಗೆ ಬ್ಯಾಡ್ಜು ಚುಚ್ಚಿಕೊಂಡ ಸಮಿತಿಯವರು, ಐಸ್‌ಕ್ಯಾಂಡಿ ಚೀಪುತ್ತಿದ್ದವರು, ಎಲ್ಲರೂ ಒಂದು ಕೋಳಿಯ ಮರ್ಯಾದೆಗಾಗಿ ಬೆನ್ನು ತಿರುಗಿಸಿ ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಅಕ್ಕಾರು ಕೂಡ ದೂರ ಸರಿದು ತಿರುಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಯಾರಾದರೂ ಕದ್ದು ನೋಡುತ್ತಾರೋ ಎಂದು ಕಾಯುತ್ತಿದ್ದರು. ಆಮೇಲೆ ನಾನು ಕಣ್ಣೇ ಮುಚ್ಚಿದೆ. ಮೊಟ್ಟೆ ತಿನ್ನದ ಮನೆತನದವಳು, ಒಂದು ಮೊಟ್ಟೆಗಾಗಿ ನಮ್ಮೂರ ವೀರಭದ್ರನಿಗೆ ಹರಕೆ ಹೊತ್ತೆ. ಎಷ್ಟು ಹೊತ್ತಾಯಿತೋ ಏನೋ, ಕೊನೆಗೆ ಹುಲ್ಲು ಸರಸರ ಎಂದಿತು. ಮತ್ತೆ ಸ್ವಲ್ಪ ಹೊತ್ತಿಗೆ ಚಪ್ಪರ ಹಾರಿಹೋಗುವ ಹಾಗೆ ಹೇಂಟೆ ಕೂಗಿಕೊಂಡಿತು.

ಡಾಕ್ಟರೇ ಮೊದಲು ತಿರುಗಿದ್ದು. ಹುಲ್ಲಿನ ನಡುವೆ ಕಡುಗಂದು ಮೊಟ್ಟೆ, ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಅವರು ಅದನ್ನೆತ್ತಿ ಹೆಬ್ಬೆರಳಿನಿಂದ ಒರೆಸಿದರು. ಹೆಬ್ಬೆರಳಿಗೆ ಕಂದು ಬಣ್ಣ ಹತ್ತಿತು. ಬೆರಳನ್ನೊಮ್ಮೆ, ಹೇಂಟೆಯನ್ನೊಮ್ಮೆ ನೋಡಿದರು. "ತಪ್ಪಾಯಿತಮ್ಮ. ಹೋದ ವರ್ಷ ನಾನು ಹಾಗೆ ಹೇಳಬಾರದಿತ್ತು" ಎಂದು ತಗ್ಗಿದ ದನಿಯಲ್ಲಿ ಹೇಳಿದರು.

"ಮೈಕಿನಲ್ಲಿ ಹೇಳಿ ಡಾಕ್ಟ್ರೇ. ಹೋದ ವರ್ಷ ಮೈಕಿನಲ್ಲೇ ಹೇಳಿದ್ದಲ್ವಾ?" ಎಂದರು ಅಕ್ಕಾರು.

ದೊಡ್ಡ ಮನುಷ್ಯ ಅವರು. ಮೈಕ್ ತೆಗೆದುಕೊಂಡು ಇಡೀ ಮೇಳಕ್ಕೆ ಕೇಳುವಂತೆ ಹೇಳಿದರು. ಹೇಂಟೆಗೆ ಮೊದಲ ಬಹುಮಾನ ಬಂತು. ಹುಣಸೆ ಸ್ನಾನ ಮಾಡಿದ ತಟ್ಟೆಗೆ ಏನೂ ಬರಲಿಲ್ಲ.

ಬೆಳ್ಮಣ್ ದಾರಿಯಾಗಿ ಕಾಪುವಿಗೆ ಮರಳುವ ಬಸ್ಸಿನಲ್ಲಿ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕಾರು ನನ್ನ ಗ್ರಹಚಾರ ಬಿಡಿಸಿದರು. "ಹುಣಸೆಹುಳಿ! ಮೊಟ್ಟೆಗೆ! ಅದು ಮೀನಿಗೆ ಹಾಕುವುದು ಮಾರಾಯ್ತಿ!" ಎಂದು ಬೈದು, ಬೈಗುಳದ ನಡುವೆಯೇ ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. ನಾನು ಮಾತ್ರ ಅಳುತ್ತಲೇ ಇದ್ದೆ. "ಯಾಕ್ರಿ ಅಕ್ಕಾರ, ನಿಮ್ಮ ಮ್ಯಾಲ ಹಾಕ್ಕೊಂಡ್ರಿ?" ಎಂದು ಕೇಳಿದೆ.

ಅವರು ಹೇಂಟೆಯ ಬೆನ್ನು ಸವರುತ್ತಾ ಹೇಳಿದರು: "ಜನ ನಗುವುದನ್ನು ಕೇಳಿ ನನಗೆ ಒಂದು ವರ್ಷದ ಅಭ್ಯಾಸ ಉಂಟು. ನೀನು ಈ ಊರಿಗೆ ಬಂದು ಮೂರು ತಿಂಗಳು ಆಗಲಿಲ್ಲ. ಅಷ್ಟು ಜನ ನಿನ್ನನ್ನು ನೋಡಿ ನಕ್ಕಿದ್ದರೆ ನೀನು ಗಂಟು ಕಟ್ಟಿ ಊರಿಗೆ ಹೋಗ್ತಿದ್ದೆ. ಮತ್ತೆ ನನಗೆ ಅಕ್ಕಾರ ಅಂತ ಹೇಳುವವರು ಯಾರುಂಟು?"

ನಾನು ಹೋಗಲಿಲ್ಲ. ಮರುದಿನದಿಂದ ಕೋಳಿಗೂಡಿಗೆ ಕಾಲಿಟ್ಟೆ. ಯಾವ ಮೊಟ್ಟೆ ಕಾವಿಗೆ, ಯಾವ ಹುಂಜ ಉಳಿಯಬೇಕು, ಯಾವುದು ಸಾರಿಗೆ ನಡೆಯಬೇಕು ಎಂಬುದನ್ನೆಲ್ಲ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ಕಲಿತೆ. ತುಳುವನ್ನೂ ಅಲ್ಲೇ ಕಲಿತೆ, ಮೊದಲು ಕಲಿತದ್ದು ಬೈಗುಳ. ಆಮೇಲಿನ ವರ್ಷಗಳಲ್ಲಿ ನಮ್ಮ ತಟ್ಟೆಗೂ ಬಹುಮಾನ ಬಂತು, ಎರಡು ಸಲ. ನಾನು ಇವತ್ತಿಗೂ ಮೊಟ್ಟೆ ತಿನ್ನುವುದಿಲ್ಲ, ಆದರೆ ನೋಡಿದ ಕೂಡಲೇ ಅದರ ಕುಲಗೋತ್ರ ಹೇಳಬಲ್ಲೆ.

ಹುಣಸೆಯ ಕಥೆ ಮಾತ್ರ ಕಾಪುವಿನಿಂದ ಕಾರ್ಕಳದವರೆಗೂ ಹಬ್ಬಿತು. ಬಸ್ಸಿನಲ್ಲಿ ಕಂಡಕ್ಟರು, ಮೀನು ಪೇಟೆಯಲ್ಲಿ ಹಳೆಯ ಗೆಳತಿಯರು, "ಎಂತ, ಇವತ್ತು ಮೊಟ್ಟೆಗೆ ಹುಳಿ ಹಾಕಲಿಲ್ಲವಾ?" ಎಂದು ಅವರನ್ನು ಕೆಣಕುತ್ತಿದ್ದರು. ಅಕ್ಕಾರು, "ಹಾಕಿದ್ದೇನೆ, ಉಪ್ಪು ಕಡಿಮೆ ಆಯಿತು" ಎಂದು ತಾವೂ ನಗುತ್ತಿದ್ದರು. ಪಕ್ಕದಲ್ಲೇ ನಿಂತ ನಾನು ಪ್ರತಿ ಸಲವೂ ಬಾಯಿ ತೆರೆಯಬೇಕೆನ್ನುತ್ತಿದ್ದೆ, ಪ್ರತಿ ಸಲವೂ ಅವರು ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದರು. ಏಳೆಂಟು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆರೆದು, ಅಲ್ಲೇ ಜಗಲಿಯಲ್ಲಿ ಒರಗಿ ಕೂತವರು ಮತ್ತೆ ಏಳಲಿಲ್ಲ. ನೋಡಲು ಬಂದವರು ಅತ್ತರು, ಆಮೇಲೆ ಅವರನ್ನು ನೆನೆದು ಹುಣಸೆಯ ಕಥೆ ಹೇಳಿಕೊಂಡು ನಕ್ಕರು. ಆ ದಿನವೂ ನಾನು ಬಾಯಿ ಬಿಡಲಿಲ್ಲ. ನನ್ನನ್ನು ಸುಮ್ಮನಿರಿಸುವ ಕಣ್ಣು ಆಗ ಮುಚ್ಚಿತ್ತು, ಆದರೂ ಧೈರ್ಯ ಬರಲಿಲ್ಲ.

ಈಗ ಈ ಊರು ನನ್ನದು. ನಕ್ಕರೆ ನಗಲಿ, ಗಂಟು ಕಟ್ಟಿ ಹೋಗುವವಳಲ್ಲ ನಾನು. ಕಾಪುವಿನವರೇ, ಕಾರ್ಕಳದವರೇ, ಕೇಳಿ: ಆ ಮೊಟ್ಟೆಗಳನ್ನು ತೊಳೆದದ್ದು ಅಕ್ಕಾರಲ್ಲ, ನಾನು.