ಒಂದಿಂಚು ಮಾಸ್ಟರರ ಅಂಗಿಗಳು

ಆ ಬೀದಿಯಲ್ಲಿ ಮೈಗೆ ಸರಿಯಾಗಿ ಕೂರುವ ಅಂಗಿ ತೊಟ್ಟವರು ಕಂಡರೆ, ಅವರು ಹೊರಗಿನವರೆಂದೇ ತಿಳಿಯಬೇಕು. ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವರು ಒಂದಿಂಚು ಮಾಸ್ಟರ್. ಟೇಪು ಹಿಡಿದು ಅಳತೆ ತೆಗೆದ ಮೇಲೆ, "ಇರಲಿ, ಒಂದಿಂಚು ಜಾಸ್ತಿ ಇರಲಿ. ಮನುಷ್ಯ ಅಂದ್ಮೇಲೆ ದಪ್ಪ ಆಗ್ತಾನೆ," ಎನ್ನುವರು. ಸಾಲದ್ದಕ್ಕೆ ಮುಂದೆ ಬಿಚ್ಚಿ ಅಗಲ ಮಾಡಲೆಂದು ಹೊಲಿಗೆಯ ಒಳಗೂ ಒಂದಿಂಚು ಬಟ್ಟೆ ಮಡಿಸಿಡುವರು. ಮದುವೆ ಗಂಡಿಗೂ ಇದೇ ನ್ಯಾಯ. ಯಾರಾದರೂ ಗೊಣಗಿದರೆ, "ಚೆನ್ನಾಗಿ ಊಟ ಮಾಡಪ್ಪ, ಸರಿಹೋಗುತ್ತೆ," ಎಂದು ಬಾಯಿ ಮುಚ್ಚಿಸುವರು.

ಅಂಥ ಮಾಸ್ಟರೇ ಕಾಯಿಲೆ ಬಿದ್ದು ಸಣ್ಣಗಾಗುತ್ತ ಹೋದರು. ದೇವರಿಗೂ ತಮಾಷೆ ಮಾಡಲು ಬೇರೆ ಯಾರೂ ಸಿಗಲಿಲ್ಲ ನೋಡಿ! ವರ್ಷಗಟ್ಟಲೆ ಹಾಸಿಗೆ ಹಿಡಿದರು. ಅಂಗಡಿ ಮಗಳ ಕೈಗೆ ಬಂತು.

ಮಗಳ ಹೊಲಿಗೆಯ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹೊಲಿದದ್ದನ್ನು ಅವಳು ತಂದು ತೋರಿಸಿದರೆ ಹೆಬ್ಬೆರಳಲ್ಲಿ ಸವರಿ, "ಹಾವು ಹರಿದಂಗಿದೆಯಲ್ಲೇ," ಎನ್ನುತ್ತಿದ್ದರು. ಅಪ್ಪನ ಬಾಯಲ್ಲಿ ಒಂದೇ ಒಂದು ಸಲ 'ಪರವಾಗಿಲ್ಲ' ಅನ್ನಿಸಿಕೊಳ್ಳಬೇಕೆಂದು ಅವಳ ಆಸೆ. ಕೇಳಲು ಬಿಗುಮಾನ. ಹೊಗಳಲು ಅವರಿಗೂ ಅಷ್ಟೇ ಬಿಗುಮಾನ.

ಒಂದು ಬೆಳಿಗ್ಗೆ ಮಾಸ್ಟರ್ ಕನ್ನಡಿಯ ಮುಂದೆ ನಿಂತು, ಹೊಟ್ಟೆಯ ಹತ್ತಿರ ಜೋಲುತ್ತಿದ್ದ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಅವತ್ತಿಡೀ ಊಟ ಮುಟ್ಟಲಿಲ್ಲ. ಮಗಳು ಇದನ್ನೆಲ್ಲ ಗಮನಿಸಿದಳು. ಅಂದಿನಿಂದ ಒಗೆದ ಅಂಗಿಗಳನ್ನು ಗುಟ್ಟಾಗಿ ಅಂಗಡಿಗೆ ಒಯ್ದು, ಎರಡೂ ಪಕ್ಕ ಒಳಗೆ ಹಿಡಿದು ಮಿಷನ್ ಓಡಿಸಿ, ಏನೂ ಅರಿಯದವಳಂತೆ ಬೀರುವಿನಲ್ಲಿಡತೊಡಗಿದಳು. ಮೈ ಇಳಿದಂತೆಲ್ಲ, ಇನ್ನೂ ಹಿಡಿಯದ ಅಂಗಿಯೊಂದು ಇಳಿಯುತ್ತಿತ್ತು.

"ನೋಡ್ದೇನೇ, ಅಂಗಿ ಈಗ ಕೂತ್ಕೊಳ್ತಿದೆ. ಮೈ ಬರ್ತಿದೆ ನಂಗೆ," ಎಂದರು ಮಾಸ್ಟರ್.

"ಹೂಂ ಅಪ್ಪ, ಕೆನ್ನೇನೂ ತುಂಬ್ಕೊಂಡಿದೆ," ಎಂದಳು ಮಗಳು. ಜೀವಮಾನವಿಡೀ ಅಂಗಿ ಹೊಲಿದವರಿಗೆ ಅವರ ಅಂಗಿಯಲ್ಲೇ ಟೋಪಿ ಹಾಕಿದೆನೆಂದು ಒಳಗೊಳಗೇ ಬೀಗಿದಳು.

ಮಾಸ್ಟರ್ ತೀರಿಕೊಂಡ ಮೇಲೆ ಅವರ ತಮ್ಮ ಬಂದರು. ದುಂಡು ಮೈಯ ಚಿಕ್ಕಪ್ಪ. "ಸುಮ್ನೆ ಬೀರು ತುಂಬಿಕೊಂಡಿದೆ, ಹಾಕ್ಕೊಳ್ಳಿ," ಎಂದು ಅಮ್ಮ ಅಂಗಿಗಳನ್ನೆಲ್ಲ ಕೊಟ್ಟರು. ಒಂದರ ಗುಂಡಿಯೂ ಕಾಜಾದ ಹತ್ತಿರ ಸುಳಿಯಲಿಲ್ಲ.

"ಇದೇನೇ ತಾಯಿ, ಅಣ್ಣ ಇಷ್ಟು ಸಣ್ಣ ಇದ್ನಾ? ಬಿಚ್ಚಿ ಅಗಲ ಮಾಡ್ಕೊಡು. ಅವನ ಅಂಗಿ ತಾನೆ, ಒಳಗೆ ಬಟ್ಟೆ ಇದ್ದೇ ಇರುತ್ತೆ."

ಮಗಳು ಅಂಗಡಿಯಲ್ಲಿ ಬ್ಲೇಡು ಹಿಡಿದು ಕೂತು, ಮೊದಲನೆಯ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದಳು. ಅಲ್ಲಿ ಅವಳ ಮಿಷನ್ ಹೊಲಿಗೆಯೇ ಇರಲಿಲ್ಲ! ಬಿಚ್ಚಿದ ತೂತುಗಳು ಮಾತ್ರ ಸೊಟ್ಟಸೊಟ್ಟಗೆ ಉಳಿದಿದ್ದವು. ಅವುಗಳ ಪಕ್ಕದಲ್ಲೇ, ಅವಳು ಹಿಡಿದಿದ್ದ ಅಳತೆಗೇ, ನೂಲು ಹಿಡಿದಷ್ಟು ನೇರವಾಗಿ ಸಣ್ಣ ಸಣ್ಣ ಕೈಹೊಲಿಗೆ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಆ ಕೈ ಯಾರದೆಂದು ಅವಳಿಗೆ ಬೇರೆ ಹೇಳಬೇಕೇ?

ಅಂಗಿಗಳನ್ನು ಬಾಚಿಕೊಂಡು ಮನೆಗೆ ಓಡಿದಳು. "ಅಮ್ಮಾ, ಅಪ್ಪನಿಗೆ ಗೊತ್ತಿತ್ತಾ?"

ಅಮ್ಮ ಮಡಿಸುತ್ತಿದ್ದ ಹೊದಿಕೆಯನ್ನು ಕೆಳಗಿಟ್ಟರು. "ಗೊತ್ತಿಲ್ದೆ ಏನು? ನೀನು ಅತ್ತ ಹೋಗ್ತಿದ್ದಂಗೆ 'ಸೂಜಿ ಕೊಡೇ' ಅನ್ನೋರು. 'ನಾನು ಸಣ್ಣಗಾಗಿರೋದು ನಂಗೆ ತಿಳೀಬಾರ್ದು ಅಂತ ಪಾಪ ಒದ್ದಾಡ್ತಾಳೆ. ಅವಳ ಖುಷಿ ಯಾಕೆ ಹಾಳ್ಮಾಡ್ಲಿ? ಆದ್ರೆ ಈ ಸೊಟ್ಟ ಹೊಲಿಗೆ ಹಾಕ್ಕೊಂಡು ಹೇಗೆ ಸಾಯ್ಲಿ' ಅಂತ ಕೂತು ಹೊಲಿಯೋರು. ನಿಂಗೆ ಹೇಳಿದ್ರೆ ನೋಡು ಅಂತ ನಂಗೆ ಗದರ್ಸಿದ್ರು."

ಮಗಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಯಾರು ಯಾರಿಗೆ ಟೋಪಿ ಹಾಕಿದ್ದು!

ಕೊನೆಗೆ ಉಳಿದದ್ದು ನೀಲಿ ಅಂಗಿ. ತಿರುಗಿಸಿದರೆ ಅದರಲ್ಲಿ ಅವಳ ಮಿಷನ್ ಹೊಲಿಗೆ ಹಾಗೇ ಇತ್ತು. "ಇದನ್ಯಾಕೆ ಬಿಚ್ಚಿಲ್ಲ? ಕೈಲಾಗ್ಲಿಲ್ವಾ?"

"ಬಿಚ್ಚೋಕೆ ಅಂತಾನೇ ತೊಡೆ ಮೇಲೆ ಹಾಕ್ಕೊಂಡ್ರು. ತುಂಬಾ ಹೊತ್ತು ಹೊಲಿಗೆ ಸವರ್ತಾ ಕೂತಿದ್ರು. ಆಮೇಲೆ 'ಇದು ಪರವಾಗಿಲ್ಲ ಕಣೇ, ಕಲಿತ್ಬಿಟ್ಟಳು' ಅಂತ ಮಡಿಸಿಟ್ರು."

ಮಗಳು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನು ಏನೂ ಮಾಡೋಕಾಗಲ್ಲ ಎಂದು ಡಾಕ್ಟರು ಕೈಚೆಲ್ಲಿದ ದಿನ ಅಳುತ್ತಳುತ್ತ ಹೊಲಿದದ್ದು ಅದು. ಅಷ್ಟೂ ಅಂಗಿಗಳಲ್ಲಿ ಅಷ್ಟು ಸೊಟ್ಟ ಹೊಲಿಗೆ ಇನ್ನೊಂದಿರಲಿಲ್ಲ.

ಮರುದಿನ ಚಿಕ್ಕಪ್ಪ ಅಂಗಡಿಗೆ ಬಂದು, ಅಗಲ ಮಾಡಿದ ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡರು. "ಆ ನೀಲಿದು?"

"ಅದು ಅಗಲ ಆಗಲ್ಲ ಚಿಕ್ಕಪ್ಪ. ಒಳಗೆ ಬಟ್ಟೆ ಇಲ್ಲ."

"ಏನು, ಅಣ್ಣನ ಅಂಗೀಲಿ ಒಳಗೆ ಬಟ್ಟೆ ಇಲ್ವಾ? ಯಾರ ಕಿವಿ ಮೇಲೆ ಹೂವು ಇಡ್ತೀಯೇ?" ಎಂದು ಅದಕ್ಕೆ ಕೈಹಾಕಿದರು.

ಮಗಳು ಅಂಗಿಯನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತುಬಿಟ್ಟಳು. ಚಿಕ್ಕಪ್ಪ ಗಾಬರಿಯಾಗಿ ಕೈ ಹಿಂದಕ್ಕೆ ಎಳೆದುಕೊಂಡರು. "ಆಯ್ತು ಬಿಡೇ ತಾಯಿ, ಅಳಬೇಡ. ಬಟ್ಟೆ ಇಲ್ಲ ಅಂದ್ರೆ ಇಲ್ಲ."